ಆಲ್ಬರ್ಟ್ ಐಲರ್ ಕೇಳುವಾಗ ತಾಳ ಹಾಕಬೇಡಿ

ನಿಮ್ಮ ಪ್ರಶ್ನೆ ಓದಿ, ಇದನ್ನು ಹಿಂದೊಮ್ಮೆ ನಾನೇ ಬರೆದಿದ್ದೆನಾ ಅನ್ನಿಸಿತು. ಮೃದಂಗ ಕಲಿತಿದ್ದೀರಿ. ಜಾಝ್‌ನಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ತನಕ ಬಂದಿದ್ದೀರಿ. ಅಮೆರಿಕದ ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ ಆಲ್ಬರ್ಟ್ ಐಲರ್‌ನ ‘ಸ್ಪಿರಿಚುಯಲ್ ಯೂನಿಟಿ’ ಆಲ್ಬಂ ಹಾಕಿದರೆ ತಾಳವೇ ಸಿಗುತ್ತಿಲ್ಲ, ಬರೀ ಗಲಾಟೆ ಅನ್ನಿಸುತ್ತಿದೆ. ಅದಕ್ಕೆ ಅವನ ರೆಕಾರ್ಡಿಂಗ್‌ಗಳನ್ನು 1962ರಿಂದ ಕ್ರಮವಾಗಿ ಕೇಳಿಕೊಂಡು ಬಂದರೆ ಅರ್ಥವಾಗುತ್ತದಾ ಅಂತ ಕೇಳಿದ್ದೀರಿ.

ಆಗುವುದಿಲ್ಲ. ನಾನು ಅದನ್ನೇ ಮಾಡಿ ಕೆಟ್ಟೆ.

ಸ್ಯಾಕ್ಸೋಫೋನ್ ಅಂದರೆ ನನಗೆ ಚಿಕ್ಕಂದಿನಿಂದ ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮನಸೋತು, ಅದರಲ್ಲೇ ರಾಗ, ಗಮಕ ಎಲ್ಲವನ್ನೂ ಒಲಿಸಿಕೊಂಡವರು ಅವರು. ಅವರ ಕ್ಯಾಸೆಟ್ ಹಾಕಿದರೆ ನನ್ನ ಕೈ ತಾನಾಗಿ ತೊಡೆ ಮೇಲೆ ಆದಿತಾಳ ಹಾಕುತ್ತಿತ್ತು. ಮುಂದೆ ಕೋಲ್ಟ್ರೇನ್ ಕೇಳಿದಾಗಲೂ ಕೈ ನಿಲ್ಲಲಿಲ್ಲ. ಅವನ ತಂಡದ ಎಲ್ವಿನ್ ಜೋನ್ಸ್ ಡ್ರಮ್ಸ್‌ನಲ್ಲಿ ಎಷ್ಟೇ ತಿರುವಿ ಮುರುವಿ ನುಡಿಸಲಿ, ಹುಡುಕಿದರೆ ಸಮ, ಅಂದರೆ ತಾಳದ ಆವರ್ತ ಶುರುವಾಗುವ ಏಟು, ಸಿಗುತ್ತದೆ. ಹುಡುಕಿ ಸಿಕ್ಕಾಗ ಆಗುವ ಖುಷಿ ನಿಮಗೂ ಗೊತ್ತಲ್ವಾ? ಆ ಖುಷಿಯೇ ನನ್ನನ್ನು ದಾರಿ ತಪ್ಪಿಸಿತು.

ಐಲರ್ ಬಗ್ಗೆ ಓದಿದ್ದೇ ತಡ, ಸಾಲ ಮಾಡಿ, ಪರಿಚಯದವರೊಬ್ಬರ ಕೈಯಲ್ಲಿ ಅಮೆರಿಕದಿಂದ ‘ಹೋಲಿ ಘೋಸ್ಟ್’ ಎಂಬ ಸಿಡಿಗಳ ಪೆಟ್ಟಿಗೆ ತರಿಸಿಕೊಂಡೆ. 2004ರಲ್ಲಿ ರೆವನಂಟ್ ಕಂಪನಿ ಹೊರತಂದದ್ದು. ಜೊತೆಗೆ ‘ಸ್ಪಿರಿಚುಯಲ್ ಯೂನಿಟಿ’ ಸಿಡಿ. ಪೆಟ್ಟಿಗೆಯಲ್ಲಿರುವುದು ಅಪರೂಪದ ಟೇಪುಗಳು, ಸಂದರ್ಶನಗಳು. ಅವನ ಮುಖ್ಯ ಆಲ್ಬಂಗಳು ಅದರಲ್ಲಿಲ್ಲ. ಮೊದಲ ಸಿಡಿ ಶುರುವಾಗುವುದು 1962ರ ಹೆಲ್ಸಿಂಕಿಯಲ್ಲಿ, ಅಲ್ಲಿನ ವಾದಕರ ಜೊತೆ. ಗುಂಪು ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ನೆಟ್ಟಗೆ ನುಡಿಸುತ್ತದೆ. ಇವನು ಆಗಲೇ ಬೇರೆ ಕಡೆ ಹೊರಟಿದ್ದಾನೆ. ಐಲರ್‌ನನ್ನು ಈಗಾಗಲೇ ಪ್ರೀತಿಸುವವರಿಗೆ ಅದು ನಿಧಿ. ಹೊಸಬರಿಗೆ ಬೀಗ ಹಾಕಿದ ಬಾಗಿಲು. ಕ್ರಮವಾಗಿ ಕೇಳಿದರೆ ನೀವು ಮೊದಲು ಕೇಳುವುದು, ತನಗೆ ಸರಿಹೊಂದುವ ಜೊತೆಗಾರರೇ ಸಿಗದ ಒಬ್ಬ ವಾದಕನನ್ನು. ಅದರಿಂದ ಏನು ಕಲಿಯುತ್ತೀರಿ?

ಆದರೆ ಪೆಟ್ಟಿಗೆಯಿಂದ ಶುರು ಮಾಡಿದ್ದು ಸಣ್ಣ ವಿಷಯ. ನನ್ನ ನಿಜವಾದ ತಪ್ಪು ಎಣಿಸಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಮಾಡುತ್ತಿರುವುದೂ ಅದನ್ನೇ.

‘ಸ್ಪಿರಿಚುಯಲ್ ಯೂನಿಟಿ’ಯಲ್ಲಿ ಮೊದಲು ಬರುವುದು ‘ಘೋಸ್ಟ್ಸ್’. ಶುರುವಿನ ರಾಗ ಸರಳ, ಮಕ್ಕಳು ಹಾಡಬಹುದಾದಂಥದ್ದು. ಅಲ್ಲಿಯವರೆಗೆ ಕೈ ಆರಾಮಾಗಿ ತಟ್ಟುತ್ತದೆ. ಆಮೇಲೆ ಐಲರ್ ಆ ರಾಗವನ್ನು ಬಿಟ್ಟು ಮೇಲೇಳುತ್ತಾನೆ. ಗ್ಯಾರಿ ಪೀಕಾಕ್‌ನ ಬಾಸ್, ಅಂದರೆ ತಗ್ಗು ದನಿಯ ದೊಡ್ಡ ತಂತಿವಾದ್ಯ, ತನ್ನ ಪಾಡಿಗೆ ಓಡುತ್ತದೆ. ಡ್ರಮ್ಸ್ ನುಡಿಸುವ ಸನ್ನಿ ಮರ್ರೆಯ ಸಿಂಬಲ್ (ಲೋಹದ ತಟ್ಟೆ) ಒಂದೇ ಸಮನೆ ಝಲ್ಲೆನ್ನುತ್ತಿರುತ್ತದೆ. ನನ್ನ ಕೈ ಅಲ್ಲೇ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಮತ್ತೆ ಅದೇ ಜಾಗದಲ್ಲಿ ನಿಂತಿತು. ಏಳು ಅಕ್ಷರದ ತಾಳವಿರಬಹುದು ಅಂದುಕೊಂಡು ಎಣಿಸಿದೆ. ಒಂಬತ್ತು, ಹನ್ನೊಂದು ಎಲ್ಲ ನೋಡಿದೆ. ಕಂಪ್ಯೂಟರಿಗೆ ಹಾಕಿ ವೇಗ ಇಳಿಸಿ ಕೇಳಿದೆ. ಕಾಗದದ ಮೇಲೆ ಗೆರೆ ಎಳೆದು ಸಿಂಬಲ್ ಏಟುಗಳನ್ನು ಗುರುತು ಹಾಕಿದೆ. ಡ್ರಮ್ಸ್ ನುಡಿಸುವ ಗೆಳೆಯನೊಬ್ಬ ಕೇಳಿ, ‘ಅಲ್ಲಿ ತಾಳ ಇಲ್ಲ ಮಾರಾಯ, ಅವನು ತಾಳ ಹಾಕ್ತಾನೇ ಇಲ್ಲ’ ಅಂದ. ಅವನಿಗೆ ಗೊತ್ತಿಲ್ಲ ಅಂದುಕೊಂಡೆ.

ಎಣಿಸುವವನ ಕಿವಿ ಯಾವಾಗಲೂ ಮುಂದಿನ ಸಮಕ್ಕೆ ಕಾಯುತ್ತಿರುತ್ತದೆ. ಕಛೇರಿಯಲ್ಲಿ ಅದು ಸರಿ, ಯಾಕೆಂದರೆ ಅಲ್ಲಿ ಸಮ ಬಂದೇ ಬರುತ್ತದೆ, ಮುಕ್ತಾಯ ಅಲ್ಲಿಗೇ ಬಂದು ಕೂರುತ್ತದೆ. ಇಲ್ಲಿ ಅದು ಬರುವುದೇ ಇಲ್ಲ. ರದ್ದಾದ ಬಸ್ಸಿಗೆ ಕಾಯುತ್ತಾ ನಿಂತವನು ಮುಂದೆ ಹೋಗುವ ಮೆರವಣಿಗೆಯನ್ನು ನೋಡುವುದಿಲ್ಲ. ನಾನು ಹಾಗೆ ನಿಂತಿದ್ದೆ. ಪ್ರತಿ ಸಲ ಸಮ ಬಾರದಿದ್ದಾಗ ಸಣ್ಣ ಮೋಸವಾದ ಹಾಗೆ ಅನ್ನಿಸುತ್ತಿತ್ತು. ಅರ್ಧ ಗಂಟೆಯೂ ತುಂಬದ ಆಲ್ಬಂ ಅದು. ಅಷ್ಟರಲ್ಲೇ ಅಂಥ ಮೋಸ ಎಷ್ಟೋ ಸಲ ಆಗಿ ತಲೆ ದಣಿದುಬಿಡುತ್ತಿತ್ತು. ಆ ದಣಿವಿಗೆ ನಾನು ‘ಗಲಾಟೆ’ ಅಂತ ಹೆಸರಿಟ್ಟೆ. ನನ್ನ ಕಾಯುವಿಕೆಯ ದಣಿವನ್ನು ಅವನ ಸಂಗೀತದ ಮೇಲೆ ಹೊರಿಸಿದೆ. ಗಮನವೆಲ್ಲ ಡ್ರಮ್ಸ್ ಮೇಲಿದ್ದರಿಂದ ಇನ್ನೊಂದು ದೊಡ್ಡ ವಿಷಯವೂ ತಪ್ಪಿಹೋಯಿತು. ಐಲರ್ ಎಷ್ಟೇ ದೂರ ಹೋದರೂ ಆ ಸರಳ ರಾಗಕ್ಕೆ ವಾಪಸ್ ಬರುತ್ತಾನೆ. ಅದೇ ಆಲ್ಬಂನ ಕೊನೆಯಲ್ಲಿ ‘ಘೋಸ್ಟ್ಸ್’ ಎರಡನೇ ಸಲ ಬರುತ್ತದೆ, ಇನ್ನೂ ಉದ್ದವಾಗಿ. ಎಷ್ಟೋ ಸಲ ಕೇಳಿದ್ದರೂ ಅದು ಅದೇ ಹಾಡು ಅಂತ ನನಗೆ ಹೊಳೆದೇ ಇರಲಿಲ್ಲ!

ಪೆಟ್ಟಿಗೆಯನ್ನು ಕೊಂಡ ಬೆಲೆಯ ಕಾಲುಭಾಗಕ್ಕೆ ಮಾರಿದೆ. ಗೆಳೆಯರಿಗೆಲ್ಲ ‘ಐಲರ್ ಬರೀ ಮೋಸ, ಕೇಳಬೇಡಿ’ ಅಂತ ಹೇಳಿಕೊಂಡು ತಿರುಗಿದೆ. ಕೆಲವರು ನನ್ನ ಮಾತು ನಂಬಿದರು. ದುಡ್ಡಿಗಿಂತ ಅದೇ ಜಾಸ್ತಿ ಬೇಜಾರು. ಆ ಪೆಟ್ಟಿಗೆಯಲ್ಲಿ ಕೋಲ್ಟ್ರೇನ್ ಅಂತ್ಯಕ್ರಿಯೆಯ ಟೇಪ್ ಕೂಡ ಇತ್ತು. 1967ರ ಜುಲೈ 21, ನ್ಯೂಯಾರ್ಕಿನ ಸೇಂಟ್ ಪೀಟರ್ಸ್ ಲೂಥರನ್ ಚರ್ಚ್. ಐಲರ್ ತನ್ನ ತಮ್ಮ ಡೊನಾಲ್ಡ್ ಜೊತೆ ಅಲ್ಲಿ ನುಡಿಸಿದ. ಆವತ್ತು ಅದನ್ನೂ ನಾನು ಎಣಿಸುತ್ತಲೇ ಕೇಳಿದ್ದೆ.

‘ಸ್ಪಿರಿಚುಯಲ್ ಯೂನಿಟಿ’ ಸಿಡಿ ಮಾತ್ರ ಡಬ್ಬಿ ಒಡೆದಿದ್ದರಿಂದ ಮಾರಾಟವಾಗದೆ ಮನೆಯಲ್ಲೇ ಉಳಿಯಿತು. ಎಣಿಸುವ ಹುಚ್ಚಿನಲ್ಲಿ ಅದರ ಮೊದಲ ಒಂದೆರಡು ನಿಮಿಷವನ್ನು ಎಷ್ಟು ಸಲ ಹಾಕಿದ್ದೆನೆಂದರೆ ಅಮ್ಮನಿಗೆ ಆ ರಾಗ ಬಾಯಿಗೆ ಬಂದಿತ್ತು. ಎಷ್ಟೋ ಕಾಲದ ಮೇಲೆ ಅಡುಗೆಮನೆಯಲ್ಲಿ ಅದನ್ನು ಗುನುಗುತ್ತಿದ್ದಳು. ಇದು ಎಲ್ಲಿಯದು ಅಂತ ನಾನೇ ಕೇಳಿದೆ. ‘ನೀನು ದಿನಾ ಹಾಕ್ತಿದ್ದೆಯಲ್ಲ, ಆ ಹಾಡು. ಗಲಾಟೆ ಮುಗಿದ ಮೇಲೆ ಮತ್ತೆ ಬರುತ್ತಲ್ಲ’ ಅಂದಳು. ಅಮ್ಮ ಜಾಝ್ ಕೇಳಿದವಳಲ್ಲ. ತಾಳ ಹಾಕುವ ಅಭ್ಯಾಸವೂ ಇಲ್ಲ. ಹಾಡು ಹೋಗುತ್ತದೆ, ಮತ್ತೆ ಬರುತ್ತದೆ ಅಂತ ಅವಳಿಗೆ ಕೇಳಿಸಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಐಲರ್ ಕೇಳಲು ಮೆಟ್ಟಿಲು ಹತ್ತಿ ಬರಬೇಕಾಗಿಲ್ಲ. ಬೀಬಾಪ್ ಎಂಬ ಹಳೆಯ ಜಾಝ್ ಶೈಲಿ ಕಲಿತು, ಕೋಲ್ಟ್ರೇನ್ ಮುಗಿಸಿ, ಆಮೇಲೆ ಇವನು ಅನ್ನುವುದು ಸುಳ್ಳು ಪಾಠ. ಅವನ ಹಾಡುಗಳು ಬಂದ ಜಾಗ ನೋಡಿ. ಹುಟ್ಟಿದ್ದು 1936ರಲ್ಲಿ, ಓಹಿಯೋದ ಕ್ಲೀವ್‌ಲ್ಯಾಂಡಿನಲ್ಲಿ. ಮೊದಲ ಗುರು ಅಪ್ಪ. ಚಿಕ್ಕ ಹುಡುಗನಾಗಿದ್ದಾಗ ಅಪ್ಪನ ಜೊತೆ ಚರ್ಚಿನಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತಿದ್ದ. ಹೈಸ್ಕೂಲಿನಲ್ಲಿರುವಾಗಲೇ ಬೇಸಿಗೆ ರಜೆಯಲ್ಲಿ ಲಿಟಲ್ ವಾಲ್ಟರ್ ಎಂಬ ಬ್ಲೂಸ್ ಹಾರ್ಮೋನಿಕಾ ವಾದಕನ ತಂಡದ ಜೊತೆ ಊರೂರು ಸುತ್ತಿದ. 1958ರಲ್ಲಿ ಸೈನ್ಯ ಸೇರಿದ, ಅಲ್ಲಿ ರೆಜಿಮೆಂಟಿನ ಬ್ಯಾಂಡು. ಫ್ರಾನ್ಸಿನ ಓರ್ಲಿಯನ್ಸ್‌ನಲ್ಲಿ ಇದ್ದ. ಆಲ್ಟೋ ಬಿಟ್ಟು, ಅದಕ್ಕಿಂತ ದೊಡ್ಡದಾದ, ತಗ್ಗು ದನಿಯ ಟೆನರ್ ಸ್ಯಾಕ್ಸೋಫೋನ್ ಹಿಡಿದದ್ದು ಸೈನ್ಯದಲ್ಲಿದ್ದಾಗಲೇ. ಚರ್ಚಿನ ಪದ, ಬ್ಲೂಸ್, ಸೈನ್ಯದ ಕವಾಯತು ರಾಗ. ಇವು ಜನ ಒಟ್ಟಾಗಿ ಹಾಡುವ, ಒಟ್ಟಾಗಿ ನಡೆಯುವ ಸಂಗೀತ. 1965ರ ‘ಸ್ಪಿರಿಟ್ಸ್ ರಿಜಾಯ್ಸ್’ ಕೇಳಿದರೆ ಫ್ರಾನ್ಸಿನ ರಾಷ್ಟ್ರಗೀತೆ ನೆನಪಾಗದೇ ಇರುವುದಿಲ್ಲ. ಇಂಥ ರಾಗ ಹಿಡಿಯಲು ಯಾವ ಪೂರ್ವಸಿದ್ಧತೆ ಬೇಕು?

ಸೈನ್ಯ ಬಿಟ್ಟು ಬಂದವನನ್ನು ಊರಿನಲ್ಲಿ ಯಾರೂ ಜೊತೆಗೆ ಸೇರಿಸಿಕೊಳ್ಳಲಿಲ್ಲ. 1962ರಲ್ಲಿ ಸ್ವೀಡನ್ನಿಗೆ ಹೋದ. ಮೊದಲ ರೆಕಾರ್ಡಿಂಗ್‌ಗಳೆಲ್ಲ ಆ ಕಡೆಯವೇ. ಎರಡು ವರ್ಷದಲ್ಲಿ ನ್ಯೂಯಾರ್ಕಿನಲ್ಲಿ ಪೀಕಾಕ್, ಮರ್ರೆ ಜೊತೆ ತಂಡ ಕಟ್ಟಿದ. 1964ರ ಜುಲೈ 10ರಂದು ‘ಸ್ಪಿರಿಚುಯಲ್ ಯೂನಿಟಿ’ ರೆಕಾರ್ಡ್ ಆಯಿತು. ಅದನ್ನು ತಂದ ಇಎಸ್‌ಪಿ-ಡಿಸ್ಕ್ ಕಂಪನಿ ಬರ್ನಾರ್ಡ್ ಸ್ಟೋಲ್‌ಮನ್ ಎಂಬ ವಕೀಲನದ್ದು. ಎಸ್ಪೆರಾಂಟೋ ಎಂಬ ಕೃತಕವಾಗಿ ಕಟ್ಟಿದ ಭಾಷೆಯ ಮೋಹ ಇದ್ದವನು. ಕಂಪನಿಯ ಮೊದಲ ರೆಕಾರ್ಡೇ ಆ ಭಾಷೆಯ ಹಾಡುಗಳದ್ದು. ಏನು ನುಡಿಸಬೇಕು ಅನ್ನುವುದನ್ನು ಕಲಾವಿದರಿಗೇ ಬಿಡುತ್ತಿದ್ದ. ಆ ಸ್ವಾತಂತ್ರ್ಯವಿಲ್ಲದಿದ್ದರೆ ಈ ಆಲ್ಬಂ ಬರುತ್ತಿರಲಿಲ್ಲ.

ಇನ್ನು ಮರ್ರೆ. ಅವನು ತಾಳ ತಪ್ಪುತ್ತಿಲ್ಲ. ತಾಳ ಹಿಡಿಯುವ ಕೆಲಸವನ್ನೇ ಬಿಟ್ಟಿದ್ದಾನೆ. ಐಲರ್ ಹಿಂದೆ ಒಂದು ನಾದ ತುಂಬಿಸಿ ನಿಲ್ಲಿಸುತ್ತಾನೆ. ಗಮನ ಕೊಟ್ಟರೆ ಅವನು ಬಾಯಲ್ಲಿ ನರಳಿದ ಹಾಗೆ ಹಾಡಿಕೊಳ್ಳುವುದೂ ಕೇಳುತ್ತದೆ. ಡ್ರಮ್ಸನ್ನು ಮೃದಂಗದ ಜಾಗದಲ್ಲಿಟ್ಟು ಕೇಳಬೇಡಿ. ತಂಬೂರಿಯ ಶ್ರುತಿಯ ಕಡೆಗಿಟ್ಟು ಕೇಳಿ. ಹಾಗೆಯೇ ಐಲರ್‌ನ ನಡುಗುವ ದನಿಯಲ್ಲಿ ಗಮಕ ಹುಡುಕಬೇಡಿ. ನಮ್ಮ ಗಮಕ ಒಂದು ಸ್ವರದಿಂದ ಇನ್ನೊಂದಕ್ಕೆ ದಾರಿ ಮಾಡುತ್ತದೆ. ಅವನ ಕಂಪನ ಚರ್ಚಿನಲ್ಲಿ ಆವೇಶ ಬಂದು ಹಾಡುವವರ ಗಂಟಲಿನದ್ದು.

ಎಲ್ಲಿಂದ ಶುರು ಮಾಡಬೇಕು ಅಂದರೆ, ನನ್ನ ಮಟ್ಟಿಗೆ 1963ರ ಜನವರಿಯಲ್ಲಿ ಕೋಪನ್‌ಹೇಗನ್‌ನಲ್ಲಿ ರೆಕಾರ್ಡ್ ಆದ ‘ಮೈ ನೇಮ್ ಈಸ್ ಆಲ್ಬರ್ಟ್ ಐಲರ್’ನ ‘ಸಮ್ಮರ್‌ಟೈಮ್’. ಅದೊಂದೇ ಹಾಡು, ಇಡೀ ಆಲ್ಬಂ ಬೇಡ. ಅದರಲ್ಲಿ ಬಾಸ್ ನುಡಿಸುವ ಡೆನ್ಮಾರ್ಕಿನ ಹುಡುಗ ನೀಲ್ಸ್-ಹೆನಿಂಗ್ ಓರ್ಸ್ಟೆಡ್ ಪೆಡರ್ಸನ್‌ಗೆ ಆಗ 16 ವರ್ಷ. ಜೊತೆಗಾರರು ನೆಟ್ಟಗೆ ತಾಳದಲ್ಲಿದ್ದಾರೆ. ಐಲರ್ ಮಾತ್ರ ಅಳುತ್ತಾನೆ. ಬೇರೆ ಪದ ನನಗೆ ಸಿಗುತ್ತಿಲ್ಲ. ಜಾಝ್ ಕೇಳುವ ನಿಮಗೆ ಆ ಹಾಡು ಹೇಗೂ ಗೊತ್ತಿರುತ್ತದೆ, ಹಾಗಾಗಿ ಅವನು ಎಲ್ಲಿ ಜಾರುತ್ತಾನೆ, ಎಲ್ಲಿ ಹಿಡಿಯುತ್ತಾನೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ‘ಘೋಸ್ಟ್ಸ್’ನ ಎರಡೂ ರೂಪಗಳನ್ನು ಒಂದರ ಹಿಂದೆ ಒಂದು ಕೇಳಿ. ರಾಗವನ್ನು ಮೊದಲು ಬಾಯಲ್ಲಿ ಹಾಡಿಕೊಳ್ಳಿ. ಹಾಡಲು ಬರುವ ತನಕ ಮುಂದೆ ಹೋಗಲೇಬೇಡಿ.

ಅಲ್ಲಿಂದ ‘ಬೆಲ್ಸ್’. 1965ರ ಮೇ 1ರಂದು ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ನುಡಿಸಿದ್ದು, ಸುಮಾರು 20 ನಿಮಿಷ. ರೆಕಾರ್ಡಿನ ಒಂದೇ ಮುಖದಲ್ಲಿ ಸಂಗೀತ, ಇನ್ನೊಂದು ಮುಖ ಖಾಲಿ. ತಮ್ಮ ಡೊನಾಲ್ಡ್ ಟ್ರಂಪೆಟ್ ಹಿಡಿದು ಜೊತೆಗೆ ಬಂದ ಮೇಲೆ ಮೆರವಣಿಗೆಯ ಗುಣ ಜಾಸ್ತಿಯಾಗುತ್ತದೆ. ಬಳಿಕ ‘ಇನ್ ಗ್ರೀನಿಚ್ ವಿಲೇಜ್’. ಅದರಲ್ಲಿ ‘ಫಾರ್ ಜಾನ್ ಕೋಲ್ಟ್ರೇನ್’ ಅಂತ ಒಂದಿದೆ, 1967ರ ಫೆಬ್ರವರಿಯದು, ಅಂದರೆ ಕೋಲ್ಟ್ರೇನ್ ಇನ್ನೂ ಬದುಕಿದ್ದಾಗಿನದು. ಐಲರ್ ಅಲ್ಲಿ ಹಳೆಯ ಆಲ್ಟೋ ಮತ್ತೆ ಕೈಗೆತ್ತಿಕೊಳ್ಳುತ್ತಾನೆ, ಸೆಲ್ಲೋ ಮತ್ತು ಬಾಸ್‌ಗಳ ನಡುವೆ. ನನಗೆ ಅವನ ರೆಕಾರ್ಡಿಂಗ್‌ಗಳಲ್ಲೆಲ್ಲ ಅತಿ ಪ್ರೀತಿಯದು ಅದು.

ಸುಲಭವಾಗಿರುತ್ತದೆ ಅಂತ ಯಾರಾದರೂ ‘ನ್ಯೂ ಗ್ರಾಸ್’ ಹಾಕಲು ಹೇಳಿದರೆ ಕೇಳಬೇಡಿ. 1968ರಲ್ಲಿ ಇಂಪಲ್ಸ್ ಕಂಪನಿಗೆ ಮಾಡಿದ ಆಲ್ಬಂ ಅದು. ಬರ್ನಾರ್ಡ್ ಪರ್ಡಿಯ ಗಟ್ಟಿ ತಾಳ, ಹಿಂದೆ ಹಾಡುವವರು, ಐಲರ್ ತಾನೂ ಹಾಡುತ್ತಾನೆ. ಆಗ ಎಲ್ಲರೂ ಬೈದರು. ಅಷ್ಟು ಬೈಗುಳ ಅದಕ್ಕೆ ಸಲ್ಲದು, ಅವನ ಹಳೆಯ ಬ್ಲೂಸ್ ಅಲ್ಲಿದೆ. ಆದರೆ ನಿಮ್ಮಂಥವರು ಅಲ್ಲಿಂದ ಶುರು ಮಾಡಿದರೆ ಕೈಗೆ ಮತ್ತೆ ತಾಳ ಸಿಕ್ಕಿಬಿಡುತ್ತದೆ. ಎಣಿಕೆ ಬಿಡುವುದೇ ಇಲ್ಲ.

1970ರ ಜುಲೈನಲ್ಲಿ ಫ್ರಾನ್ಸಿನ ಮೇಗ್ ಫೌಂಡೇಶನ್ ಎಂಬ ಕಲಾ ಸಂಗ್ರಹಾಲಯದಲ್ಲಿ ಎರಡು ಕಛೇರಿ ಕೊಟ್ಟ. ಅವು ಪೂರ್ತಿಯಾಗಿ ಹೊರಬಂದದ್ದು 2022ರಲ್ಲಿ, ‘ರೆವೆಲೇಶನ್ಸ್’ ಹೆಸರಿನಲ್ಲಿ. ಜನ ಚಪ್ಪಾಳೆ ನಿಲ್ಲಿಸುವುದೇ ಇಲ್ಲ. ಅದೇ ವರ್ಷ ನವೆಂಬರ್ 25ರಂದು ನ್ಯೂಯಾರ್ಕಿನ ಈಸ್ಟ್ ರಿವರ್‌ನಲ್ಲಿ ಅವನ ಶವ ಸಿಕ್ಕಿತು. 34 ವರ್ಷ. ಆ ಸಾವಿನ ಬಗ್ಗೆ ಬೇಕಾದಷ್ಟು ಕಥೆಗಳು ಸಿಗುತ್ತವೆ. ದಯವಿಟ್ಟು ಅವನ್ನು ಮೊದಲು ಓದಿ ಸಂಗೀತಕ್ಕೆ ಬರಬೇಡಿ. ಬಂದರೆ ಎಲ್ಲ ಕಡೆ ದುಃಖವೇ ಕೇಳುತ್ತದೆ. ಅವನ ಸಂಗೀತದಲ್ಲಿ ಸಂತೋಷವೇ ಹೆಚ್ಚು.

ಮೃದಂಗದವರು ಅಂತ ಕೊನೆಗೆ ಇನ್ನೊಂದು. ಐಲರ್‌ನ ‘ಲವ್ ಕ್ರೈ’ ಆಲ್ಬಂನಲ್ಲಿ ಡ್ರಮ್ಸ್ ಮಿಲ್ಫೋರ್ಡ್ ಗ್ರೇವ್ಸ್‌ರದು. ತಬಲಾ ಕಲಿತಿದ್ದವರು. ಅವರ ಏಟುಗಳಲ್ಲಿ ಎರಡೂ ಕೈಗಳು ಬೇರೆ ಬೇರೆ ಮಾತಾಡುವುದು ನಿಮಗೆ ಬೇರೆಯವರಿಗಿಂತ ಬೇಗ ಕೇಳಿಸುತ್ತದೆ. ಹಾಡುಗಳೂ ಚಿಕ್ಕವು. ‘ಘೋಸ್ಟ್ಸ್’ ಅಲ್ಲೂ ಇದೆ, ಮೂರು ನಿಮಿಷದೊಳಗೆ ಮುಗಿಯುತ್ತದೆ. ಮರ್ರೆಯ ‘ಘೋಸ್ಟ್ಸ್’ ಆದ ಮೇಲೆ ಅದನ್ನು ಕೇಳಿ, ಕೈ ಕಟ್ಟಿಕೊಂಡು. ಏನು ವ್ಯತ್ಯಾಸ ಕಂಡಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ನನಗೂ ತಿಳಿಯಬೇಕು.