ಟೆಸ್ಟ್ ಆದ ರಕ್ತದಲ್ಲೂ ಬ್ಯಾಕ್ಟೀರಿಯಾ ಇರುತ್ತದೆಯೇ?

ಪ್ರಶ್ನೆ: ಅಪ್ಪನಿಗೆ ಕೀಮೋ ನಡೆಯುತ್ತಿದೆ. ಹೋದ ವಾರ ಪ್ಲೇಟ್‌ಲೆಟ್ ಹಾಕಿದ ಹತ್ತೇ ನಿಮಿಷಕ್ಕೆ ಗಡಗಡ ನಡುಗಿದರು, ಜ್ವರವೂ ಬಂತು. ನರ್ಸ್ ತಕ್ಷಣ ನಿಲ್ಲಿಸಿದರು. ಬ್ಯಾಕ್ಟೀರಿಯಾ ಇರಬಹುದು ಅಂತ ಬ್ಯಾಗನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಟೆಸ್ಟ್) ಕಳಿಸಿದ್ದಾರೆ. ಅದು ಟೆಸ್ಟ್ ಆದ ರಕ್ತ ಅಲ್ವಾ? ಇನ್ನೊಮ್ಮೆ ಹಾಕಿಸಲು ಭಯ.

ಉತ್ತರ: ಟೆಸ್ಟ್ ಆಗಿರುತ್ತದೆ, ನಿಜ. ಆದರೆ ಎಚ್‌ಐವಿ, ಹೆಪಟೈಟಿಸ್ ಹುಡುಕುವ ಟೆಸ್ಟ್‌ಗೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಇವು ಆರೋಗ್ಯವಾಗಿರುವ ದಾನಿಯ ತೋಳಿನ ಮೇಲೂ ಇರುತ್ತವೆ, ನಿಮ್ಮ ನನ್ನ ತೋಳಿನ ಮೇಲೂ ಇವೆ. ಸೂಜಿ ಚುಚ್ಚಿದಾಗ ಒಳಗೆ ಇಳಿಯಬಹುದು. ಅದಕ್ಕೇ ತೋಳಿಗೆ ಔಷಧಿ ಹಚ್ಚಿ ಒಣಗುವವರೆಗೆ ಕಾಯುವುದು. ಮೊದಲು ಬರುವ ಸ್ವಲ್ಪ ರಕ್ತವನ್ನು ಪುಟ್ಟ ಚೀಲವೊಂದಕ್ಕೆ ತಿರುಗಿಸುವ ಪದ್ಧತಿಯೂ ಇದೆ. ಅದು ದಂಡವಾಗುವುದಿಲ್ಲ, ಟೆಸ್ಟ್‌ಗೆ ಬಳಸುತ್ತಾರೆ.

ರಕ್ತಸ್ರಾವ ತಡೆಯುವ ಕಣವಾದ ಪ್ಲೇಟ್‌ಲೆಟ್‌ನ ಕಷ್ಟವೇ ಬೇರೆ. ಕೆಂಪು ರಕ್ತಕಣವನ್ನು 2ರಿಂದ 6 ಡಿಗ್ರಿ ತಂಪಿನಲ್ಲಿ ಇಡಬಹುದು. ಪ್ಲೇಟ್‌ಲೆಟ್ ತಂಪಾದರೆ, ರೋಗಿಯ ದೇಹ ಸೇರಿದ ಮೇಲೆ ಬೇಗ ಮಾಯವಾಗಿಬಿಡುತ್ತದೆ. ಹಾಗಾಗಿ ಸಾಮಾನ್ಯವಾಗಿ 20ರಿಂದ 24 ಡಿಗ್ರಿಯಲ್ಲಿ, ಮೆಲ್ಲಗೆ ಅಲುಗಿಸುತ್ತಾ ಇಡುತ್ತಾರೆ. ಬ್ಯಾಕ್ಟೀರಿಯಾಗೆ ಇನ್ನೇನು ಬೇಕು? ಮೊದಲ ದಿನ ಬೆರಳೆಣಿಕೆಯಷ್ಟಿದ್ದದ್ದು ನಾಲ್ಕೈದು ದಿನದಲ್ಲಿ ಕೋಟಿಗಟ್ಟಲೆ ಆಗಬಹುದು. ಬೇಗ ಕಲ್ಚರ್ ಮಾಡಿದರೆ ತೀರಾ ಕಡಿಮೆ ಇದ್ದು ತಪ್ಪಿಸಿಕೊಳ್ಳುತ್ತವೆ.

ತಂಪೂ ಪೂರ್ತಿ ಕಾಪಾಡುವುದಿಲ್ಲ ಅನ್ನಿ. ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲೂ ಬೆಳೆಯುತ್ತದೆ. ದಾನಿಗೆ 'ಈಚೆಗೆ ಭೇದಿ ಆಗಿತ್ತಾ' ಎಂದು ಕೇಳುವುದು ಇಂಥದ್ದಕ್ಕೇ. ಅಲ್ಲಿ ನಾಚಿಕೊಂಡು ಸುಳ್ಳು ಹೇಳಬಾರದು.

ಆದರೆ ನಡುಗಿದ ಮಾತ್ರಕ್ಕೆ ಬ್ಯಾಕ್ಟೀರಿಯಾ ಅಂತ ಈಗಲೇ ತೀರ್ಮಾನಿಸಬೇಡಿ. ದಾನಿಯ ಬಿಳಿ ರಕ್ತಕಣಗಳಿಂದಲೂ ಹೀಗೆ ಚಳಿಜ್ವರ ಬರುತ್ತದೆ, ಅದೇ ಜಾಸ್ತಿ. ಅಪ್ಪನ ರಕ್ತವನ್ನೂ ಕಲ್ಚರ್‌ಗೆ ಕಳಿಸಿದ್ದಾರಾ, ಕೇಳಿ. ಬ್ಯಾಗಿನಲ್ಲೂ ಅವರ ರಕ್ತದಲ್ಲೂ ಒಂದೇ ಬ್ಯಾಕ್ಟೀರಿಯಾ ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಆ ದಾನಿಯ ಉಳಿದ ಬ್ಯಾಗುಗಳನ್ನು ಕಲ್ಚರ್ ಫಲಿತಾಂಶಕ್ಕೆ ಕಾಯದೆ, ಅನುಮಾನ ಬಂದ ಕೂಡಲೇ ತಡೆಹಿಡಿಯಬೇಕು. ಕೀಮೋ ನಡೆಯುವಾಗ ಜ್ವರ ಬಂದರೆ ಬ್ಯಾಗಿನ ತಪ್ಪು ಇರಲಿ ಬಿಡಲಿ, ಚಿಕಿತ್ಸೆ ತಡ ಮಾಡುವಂತಿಲ್ಲ.

ಭಯಪಟ್ಟು ಪ್ಲೇಟ್‌ಲೆಟ್ ಬೇಡ ಅನ್ನಬೇಡಿ. ಅದು ತೀರಾ ಇಳಿದರೆ ಮೆದುಳಿನಲ್ಲೇ ರಕ್ತಸ್ರಾವ ಆಗಬಹುದು. ಮುಂದಿನ ಸಲ ಮೊದಲ 15 ನಿಮಿಷ ಪಕ್ಕದಲ್ಲೇ ಕೂತಿರಿ. ಆಮೇಲೂ ಒಂದು ಕಣ್ಣಿಟ್ಟಿರಿ. ಚಳಿ, ಉಸಿರಾಟದ ಕಷ್ಟ, ಬೆನ್ನುನೋವು ಅಂದ ಕೂಡಲೇ ನರ್ಸ್‌ನ್ನು ಕರೆಯಿರಿ. 'ಏಸಿ ಜಾಸ್ತಿ ಆಯ್ತೇನೋ' ಅಂತ ಕಂಬಳಿ ಹೊದಿಸಿ ಸುಮ್ಮನಾಗಬೇಡಿ.