ನ್ಯೂ ಮೆಟಲ್ ಅನ್ನು ಮೆಟಲ್ ಅಂತ ಒಪ್ಪಬೇಕಾ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಕಾರ್ನ್, ಸ್ಲಿಪ್‌ನಾಟ್, ಲಿಂಕಿನ್ ಪಾರ್ಕ್‌ನಂಥ ನ್ಯೂ ಮೆಟಲ್ ಬ್ಯಾಂಡ್‌ಗಳ ಹುಚ್ಚು ಹಿಡಿದಿತ್ತು. ಥ್ರ್ಯಾಶ್ (ವೇಗದ, ಒರಟು ಮೆಟಲ್) ಬಿಟ್ಟು ಬೇರೇನೂ ಕೇಳದ ನಮ್ಮಣ್ಣ ಮಾತ್ರ ಅದು ಮೆಟಲ್ಲೇ ಅಲ್ಲ ಅಂತ ಆಗಲೂ ಬೈಯುತ್ತಿದ್ದ, ಈಗಲೂ ಬೈಯುತ್ತಾನೆ. ಮೊನ್ನೆ ಆ ಆಲ್ಬಂಗಳನ್ನೆಲ್ಲ ಮತ್ತೆ ಕೇಳಿದೆ. ಕೆಲವು ಇನ್ನೂ ಚೆನ್ನಾಗಿವೆ. ಮೆಟಲ್ ಪ್ರಕಾರಗಳ ಸಾಲಿನಲ್ಲಿ ಇದಕ್ಕೆ ಜಾಗ ಇದೆಯಾ, ಇಲ್ವಾ?

ಉತ್ತರ: ಇದೆ. ಆದರೆ ಇಡೀ ಗುಂಪಿಗೆ ಒಂದೇ ತೀರ್ಪು ಕೊಡಲು ಹೋದರೆ ಎಡವುತ್ತೇವೆ.

ನಿಮ್ಮಣ್ಣನ ಸಿಟ್ಟು ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಥ್ರ್ಯಾಶ್‌ನಿಂದ ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್ ಹುಟ್ಟಿದಾಗ ಅವು ಮನೆಯೊಳಗಿನ ಸರಕನ್ನೇ ಇನ್ನೂ ವೇಗ, ಇನ್ನೂ ಕ್ರೂರ ಮಾಡಿದವು. ನ್ಯೂ ಮೆಟಲ್ ಹೊರಗಿನಿಂದ ಸರಕು ತಂದಿತು. ಹಿಪ್‌ಹಾಪ್‌ನ ಬೀಟ್, ತಂತಿಗೆ ಬಡಿದು ನುಡಿಸುವ ಫಂಕ್‌ನ ಸ್ಲ್ಯಾಪ್ ಬೇಸ್, ರೆಕಾರ್ಡ್ ತಟ್ಟೆಯನ್ನು ಹಿಂದೆಮುಂದೆ ಉಜ್ಜುವ ಡಿಜೆಯ ಸ್ಕ್ರ್ಯಾಚಿಂಗ್. ಉದ್ದ ಕೂದಲ ಜಾಗಕ್ಕೆ ಟ್ರ್ಯಾಕ್ ಪ್ಯಾಂಟು ಬಂತು. ಹಳಬರಿಗೆ ಅದೇ ಜಾಸ್ತಿ ಚುಚ್ಚಿತು ಅಂತ ನನ್ನ ಅನುಮಾನ.

ಹಾಗಂತ ಇದು ಆಕಾಶದಿಂದ ಉದುರಲಿಲ್ಲ. ಫೇತ್ ನೋ ಮೋರ್ 1989ರಲ್ಲೇ ಭಾರದ ಗಿಟಾರಿನ ಮೇಲೆ ರ‍್ಯಾಪ್ ಮಾಡಿತ್ತು. 1991ರಲ್ಲಿ ಥ್ರ್ಯಾಶ್‌ನ ಆ್ಯಂಥ್ರಾಕ್ಸ್ ಮತ್ತು ರ‍್ಯಾಪ್‌ನ ಪಬ್ಲಿಕ್ ಎನಿಮಿ ಸೇರಿ ಒಂದು ಹಾಡನ್ನೇ ಮಾಡಿದರು. ಪ್ಯಾಂಟೆರಾ ವೇಗ ತಗ್ಗಿಸಿ ತಲೆ ಕುಣಿಸುವ ಗ್ರೂವ್ ತಂದಿತು. ಇವೆಲ್ಲ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಊರಿನ ಕಾರ್ನ್‌ನಲ್ಲಿ ಒಟ್ಟಾದವು. ಅವರ ಮೊದಲ ಆಲ್ಬಂ 1994ರ ಅಕ್ಟೋಬರಿನಲ್ಲಿ ಬಂತು. ಅಂದರೆ ವಂಶಾವಳಿಯಲ್ಲಿ ನ್ಯೂ ಮೆಟಲ್, ಗ್ರೂವ್ ಮೆಟಲ್‌ಗೆ ಬೀದಿಯಲ್ಲಿ ಬೆಳೆದ ದಾಯಾದಿ.

ದಾಯಾದಿಗಳ ನಡುವೆ ಓಡಾಟವೂ ಇತ್ತು. ಕಾರ್ನ್‌ನ ಮೊದಲ ಆಲ್ಬಂ ನಿರ್ಮಿಸಿದ ರಾಸ್ ರಾಬಿನ್ಸನ್ ಅವರೇ 1996ರಲ್ಲಿ ಬ್ರೆಜಿಲ್‌ನ ಸೆಪುಲ್ಟುರಾಗೆ 'ರೂಟ್ಸ್' ಮಾಡಿಕೊಟ್ಟರು. ಅದರ ಒಂದು ಹಾಡಿನಲ್ಲಿ ಕಾರ್ನ್‌ನ ಗಾಯಕ ಜೊನಾಥನ್ ಡೇವಿಸ್ ಹಾಡಿದ್ದಾರೆ, ಡಿಜೆ ಲೀಥಲ್ ಸ್ಕ್ರ್ಯಾಚ್ ಮಾಡಿದ್ದಾರೆ. ಸೆಪುಲ್ಟುರಾವನ್ನು ಮೆಟಲ್ ಅಲ್ಲ ಅನ್ನುವ ಧೈರ್ಯ ಯಾರಿಗೂ ಇಲ್ಲ. ಗ್ರೂವ್ ಮೆಟಲ್ ಬ್ಯಾಂಡ್ ಮಷೀನ್ ಹೆಡ್ ಕೂಡ 1999ರ ಆಲ್ಬಂಗೆ ಇದೇ ರಾಬಿನ್ಸನ್ ಬಾಗಿಲು ತಟ್ಟಿತು.

ಇನ್ನು ನನ್ನ ಪರೀಕ್ಷೆ. ಹಾಡಿನಿಂದ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಸ್ವರಗುಚ್ಛ) ಕಿತ್ತು ಹಾಕಿ. ಹಾಡು ಬಿದ್ದುಹೋದರೆ ಅದು ಮೆಟಲ್. ಸ್ಲಿಪ್‌ನಾಟ್‌ನ 1999ರ ಆಲ್ಬಂನಲ್ಲಿ ಹೀಗೆ ಮಾಡಿದರೆ ಅವರು ತೊಡುವ ಮುಖವಾಡ ಮಾತ್ರ ಉಳಿಯುತ್ತದೆ. ಜೊತೆಗೆ ಡ್ರಮ್ಸ್ ವಾದಕ ಜೋಯಿ ಜಾರ್ಡಿಸನ್ ಅಲ್ಲಿ ಬಾರಿಸಿದ ಬ್ಲಾಸ್ಟ್ ಬೀಟ್ (ಎಡೆಬಿಡದ ಅತಿ ವೇಗದ ಹೊಡೆತ) ನೇರ ಡೆತ್ ಮೆಟಲ್ ಮನೆಯದು. ಕಾರ್ನ್ ಕೂಡ ಪಾಸು. ಲಿಂಕಿನ್ ಪಾರ್ಕ್‌ನ 'ಹೈಬ್ರಿಡ್ ಥಿಯರಿ'ಯಲ್ಲಿ ಗಿಟಾರ್ ತೆಗೆದರೂ ಕೀಬೋರ್ಡ್ ಇದೆ, ರ‍್ಯಾಪ್ ಇದೆ, ಚೆಸ್ಟರ್ ಬೆನಿಂಗ್ಟನ್ ಕಂಠ ಇದೆ. ಹಾಡು ನಿಂತೇ ಇರುತ್ತದೆ. ಅದು ಮೆಟಲ್ ಅಂಗಿ ತೊಟ್ಟ ಒಳ್ಳೆಯ ರಾಕ್. ಇದು ಬೈಗುಳ ಅಲ್ಲ, ಹಾಡು ಕಟ್ಟುವುದರಲ್ಲಿ ಅವರನ್ನು ಮೀರಿಸಿದವರು ಈ ಗುಂಪಿನಲ್ಲಿ ಕಡಿಮೆ. ಸಿಸ್ಟಮ್ ಆಫ್ ಎ ಡೌನ್ ಮತ್ತು ಡೆಫ್‌ಟೋನ್ಸ್ ಬ್ಯಾಂಡ್‌ಗಳನ್ನು ಈ ಹೆಸರಿನಡಿ ಸೇರಿಸಿದ್ದು, ಅವು ಅದೇ ಹೊತ್ತಿಗೆ ಅದೇ ವೇದಿಕೆಗಳಲ್ಲಿ ಇದ್ದವು ಅನ್ನುವ ಕಾರಣಕ್ಕೇ ಹೆಚ್ಚು.

ಪ್ರಶ್ನೆ: ನಾನು ಗಿಟಾರ್ ಕಲಿಯುತ್ತಿದ್ದೇನೆ. ನ್ಯೂ ಮೆಟಲ್‌ನಲ್ಲಿ ಸೋಲೋಗಳೇ (ಗಿಟಾರ್ ಒಂದೇ ಮುಂದೆ ಬಂದು ಮೆರೆಯುವ ಭಾಗ) ಯಾಕಿಲ್ಲ? ಅವರಿಗೆ ನುಡಿಸಲು ಬರುತ್ತಿರಲಿಲ್ಲ ಅಂತಾರೆ, ನಿಜವಾ?

ಉತ್ತರ: ಕೆಲವರಿಗೆ ಬರುತ್ತಿರಲಿಲ್ಲ ಬಿಡಿ. ಆದರೆ ಕಾರಣ ಅದಲ್ಲ. ಗಿಟಾರಿಗೆ ಅವರು ಬೇರೆ ಕೆಲಸ ಕೊಟ್ಟಿದ್ದರು.

ಏಳು ತಂತಿಯ ಗಿಟಾರ್ ತಗೊಳ್ಳಿ. ಐಬನೆಜ್ ಕಂಪನಿ ಗಿಟಾರ್ ವಾದಕ ಸ್ಟೀವ್ ವಾಯ್ ಜೊತೆ ಸೇರಿ 1990ರಲ್ಲಿ ತಂದ 'ಯೂನಿವರ್ಸ್' ಮಿಂಚಿನ ವೇಗದ ಸೋಲೋ ವಾದಕರಿಗೆ ಅಂತಲೇ ಇತ್ತು. ಕಾರ್ನ್‌ನ ಗಿಟಾರ್ ವಾದಕರಾದ ಮಂಕಿ ಮತ್ತು ಹೆಡ್ ಅದನ್ನೇ ಕೈಗೆತ್ತಿಕೊಂಡು ಶ್ರುತಿಯನ್ನು ಇನ್ನೂ ಒಂದು ಸ್ವರ ಕೆಳಗಿಳಿಸಿದರು. ಮಾಮೂಲಿ ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಇವರದ್ದು 55. ಅದು ಬೇಸ್ ಗಿಟಾರಿನ ಎ ತಂತಿಯ ಜಾಗ!

ಗಿಟಾರೇ ಅಲ್ಲಿ ಬಂದು ಕೂತರೆ ಬೇಸ್ ಎಲ್ಲಿ ಹೋಗಬೇಕು? ಬೇಸ್ ವಾದಕ ಫೀಲ್ಡಿ ಐದು ತಂತಿಯ ಬೇಸ್ ಹಿಡಿದು, ನಡುವಿನ ಆವರ್ತನಗಳ ಸದ್ದನ್ನು ತಗ್ಗಿಸಿ, ತಂತಿಗೆ ಹೊಡೆದು ಹೊಡೆದು ನುಡಿಸಿದರು. ಸ್ವರಕ್ಕಿಂತ ಟಕ್ ಟಕ್ ಸದ್ದೇ ಜಾಸ್ತಿ. ಹೀಗೆ ಬೇಸ್ ಗಿಟಾರು, ಡ್ರಮ್ಸ್ ಜೊತೆ ಸೇರಿಕೊಂಡಿತು. ಎರಡು ಗಿಟಾರುಗಳಲ್ಲಿ ಒಂದು ಕೆಳಗೆ ಗುದ್ದುತ್ತಿದ್ದರೆ ಇನ್ನೊಂದು ಮೇಲೆ ಕಿರಗುಟ್ಟುತ್ತಿತ್ತು, ಹಿಪ್‌ಹಾಪ್‌ನಲ್ಲಿ ಸ್ಯಾಂಪಲ್ ಬರುತ್ತದಲ್ಲ, ಹಾಗೆ. ಮೊದಲ ಆಲ್ಬಂನ ಮೊದಲ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ಮೊದಲು ಬರೀ ಸಿಂಬಲ್. ಆಮೇಲೆ ಒಂದು ಗಿಟಾರ್, ನಂತರ ಇನ್ನೊಂದು. ಎರಡೂ ಬೇರೆ ಬೇರೆ ಮಾತಾಡುತ್ತಿವೆ. ಇಲ್ಲಿ ಸೋಲೋ ತುರುಕಿದರೆ ಬೀಟ್ ಕೆಡುತ್ತದೆ ಅಷ್ಟೇ.

ಶ್ರುತಿ ಇಳಿಸುವುದೇನೂ ಹೊಸದಲ್ಲ. ಕಾರ್ಖಾನೆಯ ಅಪಘಾತದಲ್ಲಿ ಬೆರಳ ತುದಿ ಕಳೆದುಕೊಂಡಿದ್ದ ಗಿಟಾರ್ ವಾದಕ ಟೋನಿ ಐಯೋಮಿ, ತಂತಿ ಒತ್ತಲು ಹಗುರಾಗಲಿ ಅಂತ 1971ರ ಬ್ಲ್ಯಾಕ್ ಸಬ್ಬತ್ ಆಲ್ಬಂನಲ್ಲೇ ಇಳಿಸಿದ್ದರು. ನ್ಯೂ ಮೆಟಲ್ ಮಾಡಿದ್ದು ಏನಂದರೆ, ಗಿಟಾರನ್ನು ಮುಂದಾಳು ಸ್ಥಾನದಿಂದ ಇಳಿಸಿ ತಾಳವಾದ್ಯಗಳ ಪಕ್ಕ ಕೂರಿಸಿದ್ದು. ಈ ಗಾಳಿ ಎಷ್ಟು ಬಲವಾಗಿತ್ತೆಂದರೆ ಥ್ರ್ಯಾಶ್‌ನ ಮೆಟಾಲಿಕಾ ಕೂಡ 2003ರ ಆಲ್ಬಂನಲ್ಲಿ ಒಂದೂ ಸೋಲೋ ಇಡಲಿಲ್ಲ. ನೀವು ಕಲಿಯುವವರು, ಸೋಲೋ ಬಿಡಬೇಡಿ. ಜೊತೆಗೆ ಬಲಗೈಯ ತಾಳವನ್ನು ಈ ಹಾಡುಗಳಿಂದ ಕಲಿಯಿರಿ. ಮೆಟ್ರೊನೋಮ್ ಹಾಕಿಕೊಂಡು ನುಡಿಸಿ ನೋಡಿ, ಕೇಳಿದಷ್ಟು ಸುಲಭ ಇಲ್ಲ.

ಪ್ರಶ್ನೆ: ಅಷ್ಟು ದೊಡ್ಡ ಅಲೆ ಅಷ್ಟು ಬೇಗ ಇಳಿದಿದ್ದು ಯಾಕೆ? ಈಗ ಮತ್ತೆ ಎಲ್ಲ ಕಡೆ ಕೇಳಿಸುತ್ತಿದೆಯಲ್ಲ?

ಉತ್ತರ: ದುಡ್ಡು. 2000ದಲ್ಲಿ ನ್ಯೂ ಮೆಟಲ್ ಬ್ಯಾಂಡ್ ಲಿಂಪ್ ಬಿಜ್ಕಿಟ್‌ನ ಆಲ್ಬಂ ಅಮೆರಿಕದಲ್ಲಿ ಒಂದೇ ವಾರಕ್ಕೆ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮರುವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ 'ಹೈಬ್ರಿಡ್ ಥಿಯರಿ'. ಆಮೇಲೆ ಕಂಪನಿಗಳು ಅದೇ ಅಚ್ಚಿನ ಬ್ಯಾಂಡ್‌ಗಳನ್ನು ಸಾಲಾಗಿ ಹುಡುಕಿ ತಂದವು. ಕೇಳುಗರಿಗೆ ವಾಕರಿಕೆ ಬಂತು.

ಇನ್ನೊಂದು ಕಾರಣ ಹಾಡಿನ ಮಾತು. ಅಲ್ಲಿಯವರೆಗೆ ಮೆಟಲ್ ಹೆಚ್ಚಾಗಿ ಯುದ್ಧ, ಸಾವು, ಸೈತಾನನ ಬಗ್ಗೆ ಹಾಡುತ್ತಿತ್ತು. ಕಾರ್ನ್ ಮೊದಲ ಆಲ್ಬಂನ ಕೊನೆಯ ಹಾಡಿನಲ್ಲಿ ಡೇವಿಸ್ ಬಾಲ್ಯದಲ್ಲಾದ ದೌರ್ಜನ್ಯದ ಬಗ್ಗೆ ಹಾಡುತ್ತಾ ಹಾಡುತ್ತಾ ಬಿಕ್ಕಿ ಅಳುತ್ತಾರೆ. ಆ ಅಳುವನ್ನು ಹಾಗೇ ಆಲ್ಬಂನಲ್ಲಿ ಉಳಿಸಿದರು. ಗಂಡಸು ಹೀಗೆ ಬಾಯಿ ಬಿಡುವುದು ಮೆಟಲ್‌ಗೆ ಹೊಸತಾಗಿತ್ತು. ಕೆಲವೇ ವರ್ಷಗಳಲ್ಲಿ ಅದೇ ನೋವು ಹಲವರ ಬಾಯಲ್ಲಿ ಬರೀ ಪುಂಡಾಟ ಆಯಿತು, ಹೆಣ್ಣನ್ನು ಹೀಯಾಳಿಸುವ ಸಾಲುಗಳಾದವು. ಅವು ಈಗ ಕೇಳಿದರೆ ಮುಜುಗರ. ಕಿಟ್ಟಿಯಂಥ ಹುಡುಗಿಯರ ಬ್ಯಾಂಡ್‌ಗಳು ಆ ಗದ್ದಲದಲ್ಲಿ ತೀರಾ ವಿರಳ.

ಮರಳಿ ಬಂದಿರುವುದು ನಿಜ. 2023ರಲ್ಲಿ ಲಾಸ್ ವೇಗಸ್‌ನ ಉತ್ಸವವೊಂದರಲ್ಲಿ ಸಿಸ್ಟಮ್ ಆಫ್ ಎ ಡೌನ್, ಕಾರ್ನ್, ಡೆಫ್‌ಟೋನ್ಸ್ ಒಟ್ಟಿಗೆ ನುಡಿಸಿದವು. ಲಿಂಕಿನ್ ಪಾರ್ಕ್ 2024ರಲ್ಲಿ ಹೊಸ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಜೊತೆ ಹೊಸ ಆಲ್ಬಂ ತಂದಿತು.

ಪ್ರಶ್ನೆ: ಏನೂ ಕೇಳಿಲ್ಲದವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕಾರ್ನ್ 1994, ಸ್ಲಿಪ್‌ನಾಟ್ 1999, ಡೆಫ್‌ಟೋನ್ಸ್‌ನ 'ವೈಟ್ ಪೋನಿ' 2000. ಮೂರನೆಯದರಲ್ಲಿ ಪಿಸುಮಾತು ಮತ್ತು ಕಿರುಚಾಟ ಒಂದೇ ಹಾಡಿನಲ್ಲಿ ಹೊಂದಿಕೊಳ್ಳುವ ರೀತಿ ಗಮನಿಸಿ. ಲಿಂಪ್ ಬಿಜ್ಕಿಟ್ ಕೇಳಲೇಬೇಕು ಅಂತಿದ್ದರೆ 1999ರ ಆಲ್ಬಂ ಸಾಕು. ಹಾಡುಗಾರನನ್ನು ಸುಮ್ನೆ ಬಿಟ್ಟು ವೆಸ್ ಬೋರ್ಲಂಡ್ ಗಿಟಾರಿನ ಕಡೆ ಕಿವಿ ಕೊಡಿ.