ವರ್ಷದ ಜಿಮ್ ಪ್ಯಾಕೇಜ್ ಬಗ್ಗೆ ಕೇಳಿದವರಿಗೆ

ತಿಂಗಳಿಗೆ 1,500, ವರ್ಷಕ್ಕಾದರೆ 12,000 ಅಂತೆ, ಇದೇ ಮೊದಲ ಸಲ ಜಿಮ್ ಸೇರುತ್ತಿದ್ದೇನೆ, ಯಾವುದು ಲಾಭ ಅಂತ ಕೇಳಿದ್ದೀರಿ. ಎಂಟು ತಿಂಗಳಿಗಿಂತ ಜಾಸ್ತಿ ಹೋದರೆ ಮಾತ್ರ ವರ್ಷದ್ದು ಲಾಭ. ಹಾಗಾಗಿ ಮೊದಲು ಒಂದು ತಿಂಗಳು ಕಟ್ಟಿ ನೋಡಿ.

ಅದಕ್ಕೂ ಮುಂಚೆ, ನೀವು ನಿಜವಾಗಿ ಹೋಗುವ ಹೊತ್ತಿಗೇ ಒಮ್ಮೆ ಹೋಗಿ ಬನ್ನಿ. ಮಧ್ಯಾಹ್ನ ಖಾಲಿ ಇರುವ ಜಿಮ್ ಸಂಜೆ ಏಳಕ್ಕೆ ತುಂಬಿರುತ್ತದೆ. ಬೆಂಚಿಗೆ, ಟ್ರೆಡ್‌ಮಿಲ್‌ಗೆ ಎಷ್ಟು ಜನ ಕಾಯುತ್ತಾರೆ ನೋಡಿ. ನಾನು ಇದನ್ನು ನೋಡದೆ ವರ್ಷದ್ದು ಕಟ್ಟಿ, ಮೂರೇ ತಿಂಗಳಿಗೆ ಬಿಟ್ಟೆ. ಉಳಿದ ದುಡ್ಡು ವಾಪಸ್ ಬರಲಿಲ್ಲ. ತುಂಬಾ ಬೇಜಾರಾಯಿತು.

12,000ದಲ್ಲಿ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ತೆರಿಗೆ ಶೇ. 18ರಿಂದ 5ಕ್ಕೆ ಇಳಿದಿದೆ. ಈಗಲೂ ಹಳೇ ಲೆಕ್ಕ ಹಾಕಿದರೆ ನಿಮಗೆ 1,560 ರೂಪಾಯಿ ಜಾಸ್ತಿ ಬೀಳುತ್ತದೆ. ಒಂದು ತಿಂಗಳ ಫೀಸಿಗಿಂತ ಹೆಚ್ಚು, ಅಲ್ವಾ? ಸುಮ್ನೆ ಕೊಡಬೇಡಿ, ಬಿಲ್ ಕೇಳಿ.

ಊರಿಗೆ ಹೋದಾಗ ಮೆಂಬರ್‌ಶಿಪ್ ಫ್ರೀಜ್ ಮಾಡಬಹುದಾ, ಟ್ರೈನರ್‌ಗೆ ಬೇರೆ ದುಡ್ಡು ಕೊಡಬೇಕಾ, ಎಲ್ಲವನ್ನೂ ರಸೀದಿಯಲ್ಲೇ ಬರೆಸಿಕೊಳ್ಳಿ. ಮುಂದೆ ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಆ ಚೀಟಿಯೇ ಬೇಕಾಗುತ್ತದೆ.